ಆರೂಕಾಲು ದಿನಕ್ಕೊಬ್ಬರು

ನಾಲ್ಕು ವರ್ಷಕ್ಕೆ 1,461 ದಿನ. ಅದನ್ನು 234ರಿಂದ ಭಾಗಿಸಿದರೆ ಆರೂಕಾಲು ಬರುತ್ತದೆ. ಹಿಮಾಲಯದ ತಪ್ಪಲಿನ ಕುಮಾವೂನ್ ಸೀಮೆಗೆ 1903ರ ಸುಮಾರಿಗೆ ಬಂದು ಸೇರಿದ ಒಂದು ಹೆಣ್ಣುಹುಲಿ ನಾಲ್ಕು ವರ್ಷಗಳಲ್ಲಿ 234 ಮಂದಿಯನ್ನು ಕೊಂದಿತು. ಸರಾಸರಿ ಆರೂಕಾಲು ದಿನಕ್ಕೊಬ್ಬರು. ನಮ್ಮ ಹಳ್ಳಿಗಳಲ್ಲಿ ಸಂತೆ ಏಳು ದಿನಕ್ಕೊಮ್ಮೆ ಕೂಡುತ್ತದೆ. ಅಲ್ಲಿ ಒಂದು ಸಂತೆ ಕಳೆದು ಇನ್ನೊಂದು ಸಂತೆ ಬರುವಷ್ಟರಲ್ಲಿ ಯಾವುದೋ ಒಂದು ಮನೆಯಲ್ಲಿ ಒಬ್ಬರು ಇಲ್ಲವಾಗಿರುತ್ತಿದ್ದರು.

ಕುಮಾವೂನಿಗೆ ಬರುವ ಮೊದಲು ಅದು ನೇಪಾಳದಲ್ಲಿತ್ತು. ಅಲ್ಲಿ ಅದರ ಲೆಕ್ಕ 200. ತಾಳಲಾರದೆ ನೇಪಾಳಿಗಳು ಆಯುಧ ಹಿಡಿದು ಗುಂಪುಗೂಡಿ ಅದನ್ನು ತಮ್ಮ ಸೀಮೆಯಿಂದಲೇ ಅಟ್ಟಿದರು. ಹುಲಿ ಗಡಿ ದಾಟಿತು, ಹಸಿವೂ ಅದರ ಜೊತೆ ದಾಟಿತು. 200ಕ್ಕೆ 234 ಸೇರಿದರೆ 434. 1907ರಲ್ಲಿ ಅದು ಸಾಯುವ ಮುನ್ನ ಇನ್ನಿಬ್ಬರು ಸೇರಿ 436 ಆದರು. ಒಂದೇ ಪ್ರಾಣಿಯ ಲೆಕ್ಕ ಇದು. ಅದನ್ನು ಕೊನೆಗೆ ಕೊಂದ ಜಿಮ್ ಕಾರ್ಬೆಟ್ ಮೊದಲು ಹೋಗಿ ತಂಗಿದ ಪಾಲಿ ಎಂಬ ಹಳ್ಳಿಯಲ್ಲಿ ಹೆಂಗಸರು, ಮಕ್ಕಳು ಎಲ್ಲ ಸೇರಿ ಇದ್ದವರು ಸುಮಾರು 50 ಜನ. ಅಂಥ ಎಂಟು ಹಳ್ಳಿಗಳು ಪೂರ್ತಿ ಖಾಲಿಯಾಗಿ, ಒಂಬತ್ತನೆಯದರಲ್ಲೂ ಮುಕ್ಕಾಲು ಪಾಲು ಜನ ಇಲ್ಲವಾದರೆ ಎಷ್ಟೋ, ಅಷ್ಟು.

ಈ 436ಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಆರೂಕಾಲು. ನಮ್ಮ ನಾಗರಹೊಳೆಯಲ್ಲಿ ದಶಕಗಳ ಕಾಲ ಹುಲಿಗಳ ಜಾಡು ಹಿಡಿದು ಅಧ್ಯಯನ ಮಾಡಿದ ಉಲ್ಲಾಸ ಕಾರಂತರು ಹೇಳುವ ಲೆಕ್ಕವೊಂದಿದೆ. ಒಂದು ಹುಲಿ ವಾರಕ್ಕೆ ಒಂದರಂತೆ, ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿಗಳನ್ನು ಕೊಲ್ಲಬೇಕು. ಹಾಗಿದ್ದರೆ ಮಾತ್ರ ಅದು ಬದುಕುತ್ತದೆ. ಈಗ 234ನ್ನು ನಾಲ್ಕು ವರ್ಷಕ್ಕೆ ಹಂಚಿ ನೋಡಿ. ವರ್ಷಕ್ಕೆ 58 ಚಿಲ್ಲರೆ. ಕಡವೆಯೋ ಕಾಡುಹಂದಿಯೋ ಕೊಡುವಷ್ಟು ಮಾಂಸ ಮನುಷ್ಯನ ಮೈಯಲ್ಲಿಲ್ಲ, ಆದ್ದರಿಂದ ಸ್ವಲ್ಪ ಜಾಸ್ತಿ. ಅಂದರೆ ಆ ಹೆಣ್ಣುಹುಲಿ ಎಲ್ಲ ಹುಲಿಗಳೂ ತಿನ್ನುವಷ್ಟೇ ತಿಂದಿತು, ಎಲ್ಲ ಹುಲಿಗಳೂ ತಿನ್ನುವ ವೇಳೆಗೇ ತಿಂದಿತು. ಊಟದ ಎಲೆಯಲ್ಲಿ ಜಿಂಕೆಯಿದ್ದ ಜಾಗದಲ್ಲಿ ಮನುಷ್ಯ ಬಂದು ಕೂತಿದ್ದ. ಪುಣ್ಯಕೋಟಿಯ ಮಾತಿಗೆ ಕರಗಿ ಪ್ರಾಣ ಬಿಟ್ಟ ಹುಲಿಯ ಕತೆ ಕೇಳಿ ಬೆಳೆದ ನಾವು ಹುಲಿಗೆ ಒಮ್ಮೆ ಕರುಣೆಯನ್ನು ಹೊರಿಸುತ್ತೇವೆ, ಇನ್ನೊಮ್ಮೆ ಕ್ರೌರ್ಯವನ್ನು ಹೊರಿಸುತ್ತೇವೆ. ಈ ಭಾಗಾಕಾರದಲ್ಲಿ ನನಗೆ ಕಾಣುವುದು ಬರೀ ಹಸಿವು.

ಜಿಂಕೆಯನ್ನು ಬಿಟ್ಟು ಅದು ಮನುಷ್ಯನ ಕಡೆಗೆ ತಿರುಗಿದ್ದೇಕೆ? ಉತ್ತರ ಅದರ ಬಾಯಲ್ಲಿತ್ತು. ಸತ್ತ ಮೇಲೆ ಕಾರ್ಬೆಟ್ ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು, ಕೆಳಗಿನದು ಬುಡದ ಎಲುಬಿನವರೆಗೂ ಹೋಗಿತ್ತು. ಹಿಂದೆಂದೋ ಯಾರೋ ಹಾರಿಸಿದ ಗುಂಡಿನ ಗಾಯ. ಹುಲಿಗೆ ಕೋರೆಹಲ್ಲೇ ಕತ್ತಿ. ನಮ್ಮ ಬೆರಳುದ್ದದ ಆ ಹಲ್ಲುಗಳನ್ನು ಕಡವೆಯ ಗಂಟಲಿಗೋ ಕತ್ತಿನ ಹಿಂಭಾಗಕ್ಕೋ ಊರಿ, ಅದರ ಉಸಿರು ನಿಲ್ಲುವವರೆಗೆ ಹಿಡಿದಿರಬೇಕು. ಎರಡು ಕ್ವಿಂಟಾಲು ತೂಗುವ ಪ್ರಾಣಿ ಜೀವ ಉಳಿಸಿಕೊಳ್ಳಲು ಒದ್ದಾಡುವಾಗ ಒಂದೇ ಪಕ್ಕದ ಹಲ್ಲಿನಿಂದ ಹಿಡಿತ ನಿಲ್ಲುವುದಿಲ್ಲ. ಕತ್ತು ತೆಳ್ಳಗಿರುವ, ಕೊಂಬಿಲ್ಲದ, ಓಟದಲ್ಲಿ ತೀರಾ ಹಿಂದಿರುವ, ಹಿಂದಿನಿಂದ ಬರುವ ಸಪ್ಪಳ ಕೇಳಿಸಿಕೊಳ್ಳಲಾರದ ಪ್ರಾಣಿಯೊಂದೇ ಅದಕ್ಕೆ ಉಳಿದದ್ದು. ಗುಂಡು ಹಾರಿಸಿದವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. 436 ಸಾವುಗಳ ಮೊದಲ ಕೊಂಡಿ ಅವನು.

ಆ ಹುಲಿಯನ್ನು ಕೊಲ್ಲಲು ಅದಾಗಲೇ ಎಷ್ಟು ಮಂದಿ ಬಂದು ಹೋಗಿದ್ದರು ನೋಡಿ. ನೇಪಾಳದ ಆಯುಧಧಾರಿಗಳ ಗುಂಪು ಒಂದು. ಇತ್ತ ಸರ್ಕಾರ ವಿಶೇಷವಾಗಿ ನೇಮಿಸಿದ್ದ ಶಿಕಾರಿಗಳು. ಅಲ್ಮೋರದಿಂದ ಕಳಿಸಿದ್ದ ಸೈನಿಕರು. ಬಹುಮಾನದ ಆಸೆಗೆ ಕೋವಿ ಹೆಗಲಿಗೇರಿಸಿದವರು. ನೈನಿತಾಲಿನ ಡೆಪ್ಯುಟಿ ಕಮಿಷನರ್ ಬರ್ಥೌಡ್ ಕೊನೆಗೆ ಕಾರ್ಬೆಟ್ಟರ ಮನೆ ಬಾಗಿಲಿಗೆ ಬಂದರು. ಕಾರ್ಬೆಟ್ಟರಿಗೆ ಆಗ 32ರ ಆಸುಪಾಸು. ಬಿಹಾರದ ಮೊಕಾಮೆಘಾಟಿನಲ್ಲಿ ರೈಲ್ವೆ ಸರಕು ದಾಟಿಸುವ ಗುತ್ತಿಗೆದಾರ. ಹುಟ್ಟಿ ಬೆಳೆದದ್ದೇ ಕಾಡಿನ ಮಗ್ಗುಲಲ್ಲಾದರೂ ನರಭಕ್ಷಕವೊಂದನ್ನು ಅಲ್ಲಿಯವರೆಗೆ ಬೇಟೆಯಾಡಿದವರಲ್ಲ. ಎರಡು ಷರತ್ತು ಹಾಕಿದರು: ಬಹುಮಾನವನ್ನು ರದ್ದು ಮಾಡಬೇಕು, ಶಿಕಾರಿಗಳನ್ನೂ ಸೈನಿಕರನ್ನೂ ವಾಪಸ್ ಕರೆಸಿಕೊಳ್ಳಬೇಕು. ದುಡ್ಡಿಗಾಗಿ ಬೇಟೆಯಾಡುವವನು ಅನ್ನಿಸಿಕೊಳ್ಳಲು ಅವರಿಗೆ ಮನಸ್ಸಿರಲಿಲ್ಲ, ಇನ್ನೊಬ್ಬನ ಕೋವಿಗೆ ಪೊದೆಯೊಳಗೆ ಸಾಯಲೂ ಮನಸ್ಸಿರಲಿಲ್ಲ. ಒಂದು ವಾರ ಕಳೆದಿರಬಹುದು, ಪಾಲಿಯಲ್ಲಿ ಹೆಂಗಸೊಬ್ಬಳನ್ನು ಹುಲಿ ಒಯ್ದಿತು ಎಂಬ ಸುದ್ದಿ ಬಂತು. ದನಕ್ಕೆ ಸೊಪ್ಪು ತರಲು ಓಕ್ ಮರ ಹತ್ತಿದ್ದಳು. ಇಳಿಯುವಾಗ ಹುಲಿ ಕಾಲು ಹಿಡಿದು ಎಳೆದುಕೊಂಡಿತು. ಅವಳು 435ನೆಯವಳು.

ಕಾರ್ಬೆಟ್ ಪಾಲಿ ತಲುಪುವಾಗ ಅವಳು ಸತ್ತು ಐದು ದಿನವಾಗಿತ್ತು. ಹೊತ್ತು ಇನ್ನೂ ಮುಳುಗಿರಲಿಲ್ಲ. ಆದರೂ ಪ್ರತಿ ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಬಿದ್ದಿತ್ತು. ಅಂಗಳದಲ್ಲಿ ಬೆಂಕಿ ಹೊತ್ತಿಸಿಕೊಂಡು ಕೂತ ಮೇಲೆ ಒಂದೊಂದೇ ಬಾಗಿಲು ಮೆಲ್ಲಗೆ ತೆರೆಯಿತು. ಐದು ದಿನದಿಂದ ಆ ಜನ ಮನೆಯ ಅಂಗಳ ಬಿಟ್ಟು ಹೋಗಿರಲಿಲ್ಲ, ಮಲವಿಸರ್ಜನೆಗೂ ಹೋಗಿರಲಿಲ್ಲ. ಮನೆಯಲ್ಲಿ ಕಾಳು ಮುಗಿಯುತ್ತ ಬಂದಿತ್ತು, ಬೆಳೆದು ನಿಂತ ಗೋಧಿ ಹೊಲದಲ್ಲಿತ್ತು. ಇಲ್ಲೊಂದು ಮಾತು ಹೇಳಬೇಕು. ಚಿರತೆ ನರಭಕ್ಷಕವಾದರೆ ಅದರ ಆಳ್ವಿಕೆ ರಾತ್ರಿಯದು, ಹಗಲು ಜನ ಹೊಲ ಉತ್ತು ಬರಬಹುದು. ಹುಲಿ ಹಾಗಲ್ಲ, ಹಾಡುಹಗಲಿನಲ್ಲಿ ಬರುತ್ತದೆ. ಅದಕ್ಕೆ ಹೆದರಿ ಬಾಗಿಲು ಹಾಕಿಕೊಂಡರೆ ಕಳೆ ಕೀಳುವುದು, ಕೊಯ್ಯುವುದು, ನೀರು ತರುವುದು ಎಲ್ಲವೂ ನಿಂತುಹೋಗುತ್ತದೆ. ಹುಲಿಯಿಂದ ತಪ್ಪಿಸಿಕೊಂಡವರನ್ನು ಉಪವಾಸ ಹಿಡಿಯುತ್ತದೆ. ಆ ಉಪವಾಸಕ್ಕೆ ಹೆದರಿಯೇ ಹೆಂಗಸರು ಕುಡುಗೋಲು ಹಿಡಿದು ಮತ್ತೆ ಕಾಡಿಗೆ ಹೋಗುತ್ತಿದ್ದರು. ಸತ್ತವರ ಕತೆಗಳನ್ನು ಓದುತ್ತ ಹೋದಂತೆ ಒಂದೇ ಮಾತು ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ: ಸೊಪ್ಪಿಗೆ ಹೋಗಿದ್ದಳು, ಹುಲ್ಲಿಗೆ ಹೋಗಿದ್ದಳು, ಸೌದೆಗೆ ಹೋಗಿದ್ದಳು.

ಆ ರಾತ್ರಿ ಕಾರ್ಬೆಟ್ ದಾರಿಯ ಪಕ್ಕದ ಮರಕ್ಕೆ ಬೆನ್ನು ಕೊಟ್ಟು ಒಬ್ಬರೇ ಕೂತರು. ಬೆಳದಿಂಗಳಿತ್ತು. ಪ್ರತಿ ನೆರಳೂ ಹುಲಿಯಾಗಿ ಕಂಡು ತಾನು ಗಡಗಡ ನಡುಗಿದೆ ಎಂದು ಅವರೇ ಬರೆದುಕೊಂಡಿದ್ದಾರೆ. ನನಗೆ ಕಾರ್ಬೆಟ್ ಮೇಲೆ ಗೌರವ ಮೂಡಿದ್ದು ಅವರ ಗುರಿಯ ಬಗ್ಗೆ ಓದಿ ಅಲ್ಲ, ಈ ಒಪ್ಪಿಗೆಯನ್ನು ಓದಿ. ಆಮೇಲೆ ಊರವರ ನಂಬಿಕೆ ಗಳಿಸಲು ಮೂರು ಗೊರಲ್‌ಗಳನ್ನು—ಆ ಬೆಟ್ಟಗಳ ಕಾಡುಮೇಕೆ ಅದು—ಹೊಡೆದುಕೊಟ್ಟರು. ಹಸಿದ ಊರಿನಲ್ಲಿ ಒಲೆ ಉರಿಯಿತು.

ಪಾಲಿಯಿಂದ ಕಾರ್ಬೆಟ್ ಚಂಪಾವತಿ ಎಂಬ ಊರಿಗೆ ಹೊರಟಾಗ ದಾರಿಯಲ್ಲಿ ಜೊತೆಗೆ ಬಂದವರು ಇನ್ನೊಂದು ಸಂಗತಿ ಹೇಳಿದರು. ಎರಡು ತಿಂಗಳ ಹಿಂದೆ ಸುಮಾರು 20 ಮಂದಿ ಗಂಡಸರು ಅದೇ ದಾರಿಯಲ್ಲಿ ಪೇಟೆಗೆ ಹೋಗುತ್ತಿದ್ದಾಗ ಕಣಿವೆಯಿಂದ ಆರ್ತನಾದ ಕೇಳಿಬಂತು. ಹುಲಿ ಒಬ್ಬ ಹೆಂಗಸನ್ನು ನಡುವಿಗೆ ಕಚ್ಚಿ ಹಿಡಿದು ಮೇಲೇರಿ ಬರುತ್ತಿತ್ತು. ಒಂದು ಪಕ್ಕಕ್ಕೆ ಅವಳ ಕೂದಲು ನೆಲಕ್ಕೆಳೆಯುತ್ತಿತ್ತು, ಇನ್ನೊಂದು ಪಕ್ಕಕ್ಕೆ ಕಾಲು. ಅವಳಿಗೆ ಇನ್ನೂ ಜೀವವಿತ್ತು, ಎದೆ ಬಡಿದುಕೊಂಡು ದೇವರನ್ನೂ ಮನುಷ್ಯರನ್ನೂ ಕರೆಯುತ್ತಿದ್ದಳು. ಅಷ್ಟು ಜನರ ಕಣ್ಣೆದುರೇ ಹುಲಿ ದಾರಿ ದಾಟಿ ಹೋಯಿತು. ಆ ಗಂಡಸರನ್ನು ಹೇಡಿಗಳೆನ್ನಲು ನನಗೆ ನಾಲಿಗೆ ಬರುವುದಿಲ್ಲ. ಬರಿಗೈಲಿದ್ದ ಬಡವರು ಅವರು. ಆಮೇಲೆ ಹಳ್ಳಿ ತಲುಪಿ, ಹುಡುಕಲು ಹೊರಟಿದ್ದ ಜನರ ಜೊತೆ ಸೇರಿ, ತಮಟೆ ಬಡಿಯುತ್ತ ಹುಡುಕಿಕೊಂಡೂ ಹೋದರು. ಅಷ್ಟರಲ್ಲಿ ಅವಳ ಪ್ರಾಣ ಹೋಗಿತ್ತು.

ಚಂಪಾವತಿಯ ಪಕ್ಕದ ಹಳ್ಳಿಯಲ್ಲಿ ಹದಿನಾರು ಹದಿನೇಳರ ಹುಡುಗಿಯನ್ನು ಹುಲಿ ಒಯ್ದದ್ದು ಕಾರ್ಬೆಟ್ ಅಲ್ಲಿರುವಾಗಲೇ. ರಕ್ತದ ಜಾಡು ಹಿಡಿದು ಹೋದವರಿಗೆ ಮೊದಲು ಸಿಕ್ಕಿದ್ದು ಅವಳ ಕೊರಳಿನ ನೀಲಿ ಮಣಿಗಳು. ಅವಳು 436. ಮಾರನೆಯ ದಿನ ಅಲ್ಲಿನ ತಹಸೀಲ್ದಾರ್ ಕಾಡು ಸೋವಲು ಜನ ಸೇರಿಸಿದರು. ಎಣಿಸಿದರೆ 298 ಮಂದಿ. ಕೈಗೆ ಸಿಕ್ಕಿದ್ದನ್ನು ಹಿಡಿದು ಬಂದಿದ್ದರು: ಕೊಡಲಿ, ಭರ್ಜಿ, ತುಕ್ಕು ಹಿಡಿದ ಕತ್ತಿ, ಪರವಾನಗಿ ಇಲ್ಲದೆ ಬಚ್ಚಿಟ್ಟಿದ್ದ ಹಳೇ ಕೋವಿ. ಕೋವಿ ಎಲ್ಲಿಂದ ಬಂತೆಂದು ಕೇಳುವುದಿಲ್ಲ ಎಂದು ತಹಸೀಲ್ದಾರ್ ಮೊದಲೇ ಮಾತು ಕೊಟ್ಟಿದ್ದರು. ಆ ಒಂದು ಮಾತಿನಿಂದಲೇ ಅಷ್ಟು ಜನ ಬಂದರೆಂದು ನನ್ನ ನಂಬಿಕೆ. ಬೆಟ್ಟದ ಏಣಿನ ಮೇಲೆ ಸಾಲಾಗಿ ನಿಂತು ಕೂಗಿದರು, ಬಂಡೆ ಉರುಳಿಸಿದರು, ಗುಂಡು ಹಾರಿಸಿದರು. ಹುಲಿ ಇಳಿಜಾರಿನಲ್ಲಿ ಎದ್ದು ಬಂತು. ಕಾರ್ಬೆಟ್ಟರ ಬಳಿ ಇದ್ದದ್ದು ಮೂರೇ ತೋಟಾ. ಗುರಿ ತಾಗಿದರೂ ಹುಲಿ ಬೀಳಲಿಲ್ಲ, ಮೂರೂ ಮುಗಿದವು. ಗಾಯಗೊಂಡ ಹುಲಿಯನ್ನು ಅಲ್ಲೇ ಬಿಟ್ಟು ತಹಸೀಲ್ದಾರರತ್ತ ಓಡಿ, ಅವರ ಕೈಯಿಂದ ಕೋವಿ ಕಿತ್ತುಕೊಂಡು ಮತ್ತೆ ಓಡಿಬಂದರು. ಆ ಕೋವಿಯ ನಳಿಗೆಗೂ ಹಿಂಭಾಗಕ್ಕೂ ನಡುವೆ ಬೆರಳ ತುದಿ ತೂರುವಷ್ಟು ಬಿರುಕು. 20 ಅಡಿ ದೂರದಿಂದ ಹಾರಿಸಿದರು. ಬಾಯಿಗೆ ಹಿಡಿದ ಗುರಿ ತಪ್ಪಿ ಮುಂಗಾಲಿಗೆ ಬಿತ್ತು. ಮೊದಲಿನ ಗಾಯಗಳಿಂದ ಜೀವ ಹೋಗುತ್ತಿದ್ದ ಹುಲಿಗೆ ಅಷ್ಟೇ ಸಾಕಾಯಿತು.

ಈ ಬೇಟೆಯ ಕತೆ ಪುಸ್ತಕವಾಗಿ ಬರಲು 37 ವರ್ಷ ಹಿಡಿಯಿತು, 1944ರಲ್ಲಿ. ಅಷ್ಟರಲ್ಲಿ ಕಾರ್ಬೆಟ್ಟರ ಲೆಕ್ಕಕ್ಕೆ ಇನ್ನೂ ಹಲವು ಸೇರಿದ್ದವು. 1910ರಲ್ಲಿ ಪನಾರ್ ಸೀಮೆಯ ಚಿರತೆ: 400 ಮಂದಿಯನ್ನು ಕೊಂದದ್ದು. 1926ರ ಮೇ 2ರಂದು ರುದ್ರಪ್ರಯಾಗದ ಚಿರತೆ: 125. 1929ರಲ್ಲಿ ತಲ್ಲಾದೇಶದ ಹುಲಿ: 150. 1930ರ ಏಪ್ರಿಲ್ 11ರಂದು ಚೌಗಢದ ಹುಲಿ: 64. ಚಂಪಾವತಿಯದನ್ನೂ ಸೇರಿಸಿ ಕೂಡಿ. ಐದು ಪ್ರಾಣಿಗಳು, 1,175 ಮನುಷ್ಯರು.

ಇವುಗಳಲ್ಲಿ ಲೋಕವೆಲ್ಲ ಬಲ್ಲದ್ದು ರುದ್ರಪ್ರಯಾಗದ್ದು. ಕನ್ನಡಿಗರಿಗಂತೂ ಪೂರ್ಣಚಂದ್ರ ತೇಜಸ್ವಿಯವರ ಕೈಯಿಂದ ಅದು ಮನೆಮಾತಾಯಿತು. ಅದೇ ಕಾರ್ಬೆಟ್ ಕೊಂದ, ಅದಕ್ಕಿಂತ ಮೂರುಪಟ್ಟು ಮೀರಿ ಜನರನ್ನು ತಿಂದ ಪನಾರಿನ ಚಿರತೆಯ ಹೆಸರು ಎಷ್ಟು ಜನಕ್ಕೆ ಗೊತ್ತು? ಕಾರಣ ಸರಳ. ರುದ್ರಪ್ರಯಾಗದ್ದು ಕೇದಾರ ಬದರಿಯ ಯಾತ್ರೆಯ ದಾರಿಯಲ್ಲಿತ್ತು. ದೇಶದ ಮೂಲೆಮೂಲೆಯ ಯಾತ್ರಿಕರು ಅದರ ಸುದ್ದಿಯನ್ನು ತಮ್ಮೂರಿಗೆ ಹೊತ್ತೊಯ್ದರು, ಪತ್ರಿಕೆಗಳು ಬರೆದವು. ಪನಾರ್ ಇದ್ದದ್ದು ಯಾರೂ ಹೋಗಿ ಬರದ ಕೊಂಪೆಯಲ್ಲಿ. ಸತ್ತವರ ಸಂಖ್ಯೆ ನಾಲ್ಕುನೂರಾದರೂ ದಾರಿಯ ಪಕ್ಕದಲ್ಲಿ ಸಾಯದಿದ್ದರೆ ಲೋಕಕ್ಕೆ ಕೇಳಿಸುವುದಿಲ್ಲ. ಇದು ನೂರು ವರ್ಷ ಹಿಂದಿನ ಮಾತಷ್ಟೇ ಆಗಿದ್ದರೆ ನಾನು ನೆಮ್ಮದಿಯಿಂದ ಇರುತ್ತಿದ್ದೆ.

ಆ ರುದ್ರಪ್ರಯಾಗದ ಒಂದು ಚಿರತೆಯ ಎದುರು ನಿಂತದ್ದೇನು? ಗಢವಾಲದಲ್ಲಿ ಮೊದಲೇ ಇದ್ದ 4,000 ಕೋವಿ ಪರವಾನಗಿ, ಅದರ ಮೇಲೆ ಹೊಸದಾಗಿ ಕೊಟ್ಟ 300. ಹತ್ತು ಸಾವಿರ ರೂಪಾಯಿ ನಗದು ಮತ್ತು ಎರಡು ಹಳ್ಳಿಗಳ ಬಹುಮಾನ. ವಿಷ ಹಾಕಿದ ಹೆಣಗಳು, ಕಬ್ಬಿಣದ ಬೋನುಗಳು. 4,300 ನಳಿಗೆಗಳ ನಡುವೆ ಅದು 500 ಚದರ ಮೈಲಿಯಲ್ಲಿ ಎಂಟು ವರ್ಷ ನಡೆದಾಡಿತು. ಅಷ್ಟೂ ವರ್ಷ ಕತ್ತಲಾದ ಮೇಲೆ ಆ ಸೀಮೆಯಲ್ಲಿ ಒಂದು ಬಾಗಿಲು ತೆರೆಯುತ್ತಿರಲಿಲ್ಲ. ಕೊನೆಗೆ ಗುಲಾಬ್‌ರಾಯ್ ಎಂಬಲ್ಲಿ ಒಂದು ಮಾವಿನ ಮರದ ಮೇಲೆ ರಾತ್ರಿಯ ಮೇಲೆ ರಾತ್ರಿ ಕಾದು ಕೂತ ಮನುಷ್ಯನ ಒಂದು ಗುಂಡು, ಕತ್ತಲಲ್ಲಿ ಮೇಕೆಯ ಕೊರಳ ಗಂಟೆ ಅಲ್ಲಾಡಿದ ಸದ್ದಿಗೆ, ಅದನ್ನು ಮುಗಿಸಿತು.

ಹುಲಿ ನರಭಕ್ಷಕವಾಗುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಗಾಯವೇ ಕಾರಣ, ಉಳಿದೊಂದು ಸಲ ಮುಪ್ಪು ಎಂದು ಕಾರ್ಬೆಟ್ ಲೆಕ್ಕ ಹಾಕಿದ್ದರು. ಗಾಯ ಗುಂಡಿನದೇ ಆಗಬೇಕೆಂದಿಲ್ಲ. ಮುಕ್ತೇಸರದ ಹೆಣ್ಣುಹುಲಿ ಒಂದು ಮುಳ್ಳುಹಂದಿಯನ್ನು ಹಿಡಿಯಲು ಹೋಗಿ ಒಂದು ಕಣ್ಣು ಕಳೆದುಕೊಂಡಿತು, ಮುಂಗಾಲಿಗೆ ಸುಮಾರು 50 ಮುಳ್ಳುಗಳನ್ನು ಚುಚ್ಚಿಸಿಕೊಂಡಿತು. ಒಂದಂಗುಲದಿಂದ ಒಂಬತ್ತು ಅಂಗುಲದವರೆಗಿನ ಮುಳ್ಳುಗಳು. ಕೆಲವು ಎಲುಬಿಗೆ ತಾಗಿ ಒಳಗೇ ಮಡಿಚಿಕೊಂಡಿದ್ದವು. ಕೀವು ತುಂಬಿದ ಕಾಲನ್ನು ನೆಕ್ಕುತ್ತ, ಹಸಿದು, ಪೊದೆಯಲ್ಲಿ ಮಲಗಿದ್ದ ಅದರ ಬಳಿಗೆ ಹುಲ್ಲು ಕೊಯ್ಯುತ್ತ ಹೆಂಗಸೊಬ್ಬಳು ಬಂದಳು. ಹುಲಿ ಒಂದೇ ಏಟು ಹಾಕಿತು, ತಿನ್ನಲಿಲ್ಲ. ಮುಂದೆ ಸೌದೆ ಕಡಿಯಲು ಬಂದವನನ್ನೂ ಹಾಗೆಯೇ ಹೊಡೆಯಿತು. ಆಗ ರಕ್ತದ ರುಚಿ ಸಿಕ್ಕಿತು. ಅದು ಕೊಂದವರು ಒಟ್ಟು 24.

ನಮ್ಮ ದಿಕ್ಕಿಗೆ ಬಂದರೆ ಸಂಖ್ಯೆಗಳು ಚಿಕ್ಕವಾಗುತ್ತವೆ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಕೆನೆತ್ ಆ್ಯಂಡರ್ಸನ್ 1939ರಿಂದ 1966ರವರೆಗೆ ಸರ್ಕಾರದ ದಾಖಲೆಯ ಪ್ರಕಾರ ಕೊಂದದ್ದು ಏಳು ನರಭಕ್ಷಕ ಹುಲಿ, ಎಂಟು ನರಭಕ್ಷಕ ಚಿರತೆ. 27 ವರ್ಷಕ್ಕೆ 15, ಅಂದರೆ 21–22 ತಿಂಗಳಿಗೊಂದು. ಗುಮ್ಮಳಾಪುರದ ಚಿರತೆ ಕೊಂದದ್ದು 42 ಜನರನ್ನು. ಅರಸೀಕೆರೆ ಕಡೆಯ ಒಂದು ಕರಡಿ 12 ಮಂದಿಯನ್ನು ಕೊಂದು, ಅದರ ಎರಡರಷ್ಟು ಮಂದಿಯ ಮುಖ ಮೈ ಹರಿದುಹಾಕಿತ್ತು. ಆ್ಯಂಡರ್ಸನ್ ಚಿರತೆ ಹುಡುಕಿ ಅಲೆದ ಜಾಲಹಳ್ಳಿಯಲ್ಲಿ ಇಂದು ಮೆಟ್ರೊ ನಿಲ್ಲುತ್ತದೆ. ತೇಜಸ್ವಿ ಆ ಕತೆಗಳನ್ನು ಕನ್ನಡಕ್ಕೆ ತಂದಾಗ ‘ಜಾಲಹಳ್ಳಿಯ ಕುರ್ಕ’ ಎಂದು ಕರೆದರು. ಚಿರತೆಯನ್ನು ಕುರ್ಕ ಎನ್ನುವ ಆ ಮಲೆನಾಡಿನ ಮಾತು ಬೆಂಗಳೂರಿನ ಬಯಲಿಗೆ ಬಂದು ಕೂತದ್ದು ನನಗೆ ಇಂದಿಗೂ ಪ್ರೀತಿಯ ವಿಷಯ.

ಕೊಡಗಿನಲ್ಲಿ ಹುಲಿಯನ್ನು ನರಿ ಎನ್ನುತ್ತಾರೆ. ಹುಲಿ ಹೊಡೆದವನಿಗೆ ಅಲ್ಲಿ ‘ನರಿ ಮಂಗಲ’ ನಡೆಯುತ್ತಿತ್ತು. ಮದುಮಗನ ಉಡುಪಿನಲ್ಲಿ ಅವನನ್ನು ಸತ್ತ ಹುಲಿಯ ಪಕ್ಕ ಕೂರಿಸಿ, ಬಂಧುಬಳಗ ಬಂದು ಅಕ್ಕಿ ಹಾಕಿ ಹರಸುತ್ತಿದ್ದರು. ಒಂದು ಹುಲಿಯ ಸಾವು ಮದುವೆಯಷ್ಟು ದೊಡ್ಡ ಘಟನೆ. ಒಬ್ಬನ ಬಾಳಿನಲ್ಲಿ ಒಮ್ಮೆ ಬಂದರೆ ಬಂತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಲೆಕ್ಕ ನೋಡಬೇಕು.

1875ರಿಂದ 1925ರವರೆಗಿನ 50 ವರ್ಷಗಳಲ್ಲಿ ಭಾರತದಲ್ಲಿ ಕೊಲ್ಲಲ್ಪಟ್ಟ ಹುಲಿಗಳು 80,000ಕ್ಕೂ ಹೆಚ್ಚು ಎಂದು ಚರಿತ್ರೆಕಾರ ಮಹೇಶ್ ರಂಗರಾಜನ್ ಅಂದಾಜು ಮಾಡಿದ್ದಾರೆ. ಅದನ್ನೂ ದಿನಕ್ಕೆ ಇಳಿಸೋಣ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು. ಚಂಪಾವತಿಯ ಹುಲಿ ಒಬ್ಬ ಮನುಷ್ಯನನ್ನು ಕೊಲ್ಲುವ ಆರೂಕಾಲು ದಿನದಲ್ಲಿ ಮನುಷ್ಯರು 27 ಹುಲಿಗಳನ್ನು ಕೊಲ್ಲುತ್ತಿದ್ದರು. ಆ 27ರಲ್ಲಿ ಮನುಷ್ಯನನ್ನು ಮುಟ್ಟಿದ್ದು ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ. 1911ರ ಡಿಸೆಂಬರಿನಲ್ಲಿ, ದೆಹಲಿ ದರ್ಬಾರ್ ಮುಗಿಸಿ ನೇಪಾಳದ ತರಾಯಿಗೆ ಬೇಟೆಗೆ ಹೋದ ಚಕ್ರವರ್ತಿ ಐದನೆಯ ಜಾರ್ಜ್ ಮತ್ತು ಪರಿವಾರ ಸುಮಾರು ಹತ್ತು ದಿನದಲ್ಲಿ ಉರುಳಿಸಿದ್ದು 39 ಹುಲಿ, 18 ಘೇಂಡಾಮೃಗ, ನಾಲ್ಕು ಕರಡಿ. ಸುತ್ತ ಗೋಡೆಯಂತೆ ನಿಂತದ್ದು 600ಕ್ಕೂ ಮೀರಿದ ಆನೆಗಳು. ನಾಲ್ಕೇ ವರ್ಷದ ಹಿಂದೆ ಸತ್ತ ಆ ಹೆಣ್ಣುಹುಲಿ ಬಂದದ್ದೂ ನೇಪಾಳದಿಂದಲೇ. ಸರಗುಜಾದ ಮಹಾರಾಜರೊಬ್ಬರ ಖಾತೆಯಲ್ಲಿ ಇರುವುದು 1,100ಕ್ಕೂ ಹೆಚ್ಚು ಹುಲಿಗಳು. ಹೀಗೆ ಹಾರಿದ ಲಕ್ಷಾಂತರ ಗುಂಡುಗಳಲ್ಲಿ ಎಷ್ಟೋ ಗುಂಡು ಕೊಲ್ಲದೆ ಬರೀ ಗಾಯ ಮಾಡಿ ಹೋಗಿರುತ್ತವೆ. ಮುರಿದ ಹಲ್ಲು, ಊನವಾದ ಕಾಲು ಹೊತ್ತು ಪೊದೆ ಸೇರಿದ ಅಂಥ ಹುಲಿಗಳ ಪಕ್ಕದಲ್ಲೇ ಹುಲ್ಲು ಕೊಯ್ಯುವವರ ಹಳ್ಳಿಗಳು. ಅರಮನೆಯ ಗೋಡೆಗೆ ಏರಿದ ತಲೆಗಳ ಬೆಲೆಯನ್ನು ಆ ಹಳ್ಳಿಗಳು ತೆತ್ತವು ಎಂದೇ ನಾನು ತಿಳಿಯುತ್ತೇನೆ.

ಅದೇ ವೇಗದಲ್ಲಿ ಇಂದು ಕೊಂದರೆ? 2022ರ ಗಣತಿಯ ಸರಾಸರಿ ಅಂದಾಜಿನಂತೆ ಇಡೀ ದೇಶದಲ್ಲಿರುವ ಹುಲಿಗಳು 3,682. ಎರಡು ವರ್ಷ ನಾಲ್ಕು ತಿಂಗಳಿಗೆ ಒಂದೂ ಉಳಿಯುವುದಿಲ್ಲ. 1972ರಲ್ಲಿ ಎಣಿಸಿದಾಗ 1,827 ಸಿಕ್ಕಿದ್ದವು. ಮರುವರ್ಷ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾಯಿತು, ಕಾರ್ಬೆಟ್ ಹೆಸರಿನ ಕಾಡಿನಿಂದಲೇ. ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. 2006ರಲ್ಲಿ 1,411ಕ್ಕೆ ಕುಸಿದ ಸಂಖ್ಯೆ ಅಲ್ಲಿಂದ ಇಲ್ಲಿಗೆ ಏರಿದೆ. ಕರ್ನಾಟಕದ ಪಾಲು 563. ಇದು ಸಣ್ಣ ಸಾಧನೆಯಲ್ಲ, ಹೆಮ್ಮೆಯಿಂದಲೇ ಹೇಳಬೇಕು.

ಹುಲಿ ಹೆಚ್ಚಿದ ಕಡೆ ಹುಲಿಗೆ ಸಿಕ್ಕುವ ಮನುಷ್ಯರೂ ಇದ್ದಾರೆ. 2022ರಲ್ಲಿ ದೇಶದಲ್ಲಿ ಹುಲಿಯಿಂದ ಸತ್ತವರು 110 ಮಂದಿ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಇದನ್ನು ಅಳೆಯಲು ಇನ್ನೊಂದು ಸಂಖ್ಯೆಯನ್ನು ಪಕ್ಕದಲ್ಲಿಡುತ್ತೇನೆ. ಭಾರತದಲ್ಲಿ ಹಾವು ಕಚ್ಚಿ ಸಾಯುವವರು ವರ್ಷಕ್ಕೆ ಸುಮಾರು 58,000. ದಿನಕ್ಕೆ 159. ಚಂಪಾವತಿಯ ಹುಲಿ ತನ್ನ ಜೀವಮಾನದಲ್ಲಿ ಕೊಂದಷ್ಟು ಜನರನ್ನು ಹಾವುಗಳು ಮೂರು ದಿನ ತುಂಬುವ ಮೊದಲೇ ಕೊಲ್ಲುತ್ತವೆ. ಹೀಗೆಂದು ಹುಲಿಯಿಂದಾದ ಸಾವನ್ನು ಹಗುರ ಮಾಡಬೇಡಿ. 58,000 ಸಾವುಗಳು ಇಡೀ ದೇಶದ ಮೇಲೆ ಚೆದುರಿ ಬೀಳುತ್ತವೆ. ನರಭಕ್ಷಕ ಎಲ್ಲ ಸಾವನ್ನೂ ತಂದು ನಾಲ್ಕಾರು ಹಳ್ಳಿಗಳ ಮೇಲೆ ಸುರಿಯುತ್ತದೆ. ಗುಂಡ್ಲುಪೇಟೆಯ ಕಾಡಂಚಿನ ರೈತನಿಗೆ ದೇಶದ ಸರಾಸರಿಯಿಂದ ಏನಾಗಬೇಕು?

ಆ ಗುಂಡ್ಲುಪೇಟೆ ತಾಲ್ಲೂಕಿನಲ್ಲೇ 2019ರಲ್ಲಿ ಒಂದು ಹುಲಿ ಇಬ್ಬರು ರೈತರನ್ನು ಕೊಂದಿತು. ಸಾಕಾನೆಗಳು ಬಂದವು, ಕ್ಯಾಮೆರಾಗಳು ಬಂದವು, ಕಾಡನ್ನು ಅಂಗೈಯಂತೆ ಬಲ್ಲ ಸೋಲಿಗರು ಜಾಡು ಹಿಡಿದರು. ಅಕ್ಟೋಬರಿನಲ್ಲಿ ಅರಿವಳಿಕೆ ಮದ್ದು ಹೊಡೆದು ಜೀವಂತ ಹಿಡಿದು ಮೈಸೂರಿನ ಕೇಂದ್ರಕ್ಕೆ ಒಯ್ದರು. ಎರಡಕ್ಕೆ ಮುಗಿಯಿತು. ಮಹಾರಾಷ್ಟ್ರದ ಯವತ್‌ಮಾಳದಲ್ಲಿ ಅವನಿ ಎಂದು ಜನ ಕರೆದ ಹೆಣ್ಣುಹುಲಿಯ ತಲೆಗೆ ಎರಡೂವರೆ ವರ್ಷದಲ್ಲಿ 13 ಸಾವುಗಳು ಬಂದವು. ಅದನ್ನು ಹಿಡಿಯಲು ನೂರಾರು ಸಿಬ್ಬಂದಿ, ಡ್ರೋನು, ನಾಯಿ, ಆನೆ, ಕೊನೆಗೆ ವಿದೇಶಿ ಸುಗಂಧದ್ರವ್ಯವನ್ನೂ ಕಾಡಿನಲ್ಲಿ ಚಿಮುಕಿಸಿದರು. ಹುಲಿ ಹಿಡಿಯಲೆಂದು ತಂದ ಆನೆಯೊಂದು ತಪ್ಪಿಸಿಕೊಂಡು ಹಳ್ಳಿಯ ಹೆಂಗಸೊಬ್ಬಳನ್ನು ತುಳಿದು ಕೊಂದಿತು. 2018ರ ನವೆಂಬರ್ 2ರ ರಾತ್ರಿ ಆ ಹೆಣ್ಣುಹುಲಿಗೆ ಗುಂಡು ಬಿತ್ತು. ನಮ್ಮಲ್ಲೂ ಎಲ್ಲ ಸಲ ಸರಿಯಾಗಿಲ್ಲ. 2014ರ ಕೊನೆಯಲ್ಲಿ ಚಿಕ್ಕಮಗಳೂರಿನ ಕಡೆ ಹಿಡಿದ ಹುಲಿಯನ್ನು ಖಾನಾಪುರದ ಭೀಮಗಡ ಕಾಡಿಗೆ ಒಯ್ದು ಬಿಟ್ಟರು. ಅಲ್ಲಿ ಅದು ಒಬ್ಬ ಮಹಿಳೆಯನ್ನು ಕೊಂದಿತು, ಕೊನೆಗೆ ಗುಂಡಿಕ್ಕಬೇಕಾಯಿತು. ನೂರು ವರ್ಷ ಹಿಂದೆ ನೇಪಾಳದವರು ಹುಲಿಯನ್ನು ಗಡಿ ದಾಟಿಸಿದಾಗ ಆದದ್ದೂ ಇದೇ. ಮನುಷ್ಯನ ಮೇಲೆ ಬಿದ್ದ ಹುಲಿಯನ್ನು ಬೇರೆಯವರ ಅಂಗಳಕ್ಕೆ ದಾಟಿಸುವುದು ತಪ್ಪು. ಅದರಲ್ಲಿ ನನಗೆ ಎರಡನೆಯ ಅಭಿಪ್ರಾಯವಿಲ್ಲ.

ಚಂಪಾವತಿಯ ಹುಲಿಯನ್ನು ಬೆನ್ನಟ್ಟಿದವರ ಪಟ್ಟಿ ಇನ್ನೂ ಮುಗಿದಿಲ್ಲ. ನೇಪಾಳದ ಗುಂಪು, ಸರ್ಕಾರದ ಶಿಕಾರಿಗಳು, ಅಲ್ಮೋರದ ಸೈನಿಕರು, ಸೋವಿಗೆ ಬಂದ 298 ಮಂದಿ, ಕಾರ್ಬೆಟ್. ಇಷ್ಟು ಜನರ ಮಧ್ಯೆ ಒಬ್ಬಳನ್ನು ಬಿಟ್ಟಿದ್ದೆ.

ಪಾಲಿಯಲ್ಲೇ ಅಕ್ಕ ತಂಗಿ ಇಬ್ಬರು ಹುಲ್ಲು ಕೊಯ್ಯುತ್ತಿದ್ದಾಗ ಹುಲಿ ಅಕ್ಕನನ್ನು ಹಿಡಿಯಿತು. ತಂಗಿ ಊರ ಕಡೆ ಓಡಲಿಲ್ಲ. ಕುಡುಗೋಲು ಬೀಸುತ್ತ, ಅಕ್ಕನನ್ನು ಬಿಟ್ಟು ನನ್ನನ್ನು ತಿನ್ನು ಎಂದು ಕಿರುಚುತ್ತ ಹುಲಿಯ ಹಿಂದೆ ಓಡಿದಳು. ಊರಿನ ಜನ ನೋಡುತ್ತಿದ್ದರು. ಸುಮಾರು ನೂರು ಗಜ ಹೋದ ಮೇಲೆ ಹುಲಿ ಹೆಣವನ್ನು ಕೆಳಗಿಟ್ಟು, ಗರ್ಜಿಸಿ, ಇವಳ ಮೇಲೆ ತಿರುಗಿತು. ಇಳಿಜಾರಿನಲ್ಲಿ ಓಡಿ ಊರು ಸೇರಿದಳು. ಆದದ್ದನ್ನು ಹೇಳಲು ಬಾಯಿ ತೆರೆದರೆ ಮಾತು ಹೊರಡಲಿಲ್ಲ. ಉಬ್ಬಸಕ್ಕೆ ಹೀಗಾಗಿದೆ ಎಂದುಕೊಂಡರು. ಹೆಣ ತರಲು ಹೋದವರು ಮರಳಿ ಬಂದಾಗಲೂ ಮಾತು ಬಂದಿರಲಿಲ್ಲ. ಕಾರ್ಬೆಟ್ ಆ ಮನೆಗೆ ಹೋದಾಗ ಅವಳು ಮೂಕಿಯಾಗಿ ಒಂದು ವರ್ಷವಾಗಿತ್ತು. ಬಟ್ಟೆ ಒಗೆಯುತ್ತಿದ್ದಳು.

436 ಸಾವುಗಳ ಉದ್ದಕ್ಕೂ ಆ ಹುಲಿಯ ಹಿಂದೆ ಕೋವಿಯಿಲ್ಲದೆ, ಒಂಟಿಯಾಗಿ, ಓಡಿಹೋದವರು ಬೇರೆ ಯಾರೂ ನನಗೆ ಸಿಕ್ಕಿಲ್ಲ. ಅವಳ ಹೆಸರನ್ನು ಕಾರ್ಬೆಟ್ ಬರೆದಿಲ್ಲ.

ಬೇಟೆ ಮುಗಿಸಿ ಹಿಂದಿರುಗುವಾಗ ಕಾರ್ಬೆಟ್ ಅದೇ ಹಳ್ಳಿಯಲ್ಲಿ ನಿಂತು, ಅವಳ ಮನೆಯ ಬಾಗಿಲೆದುರು ಹುಲಿಯ ಚರ್ಮವನ್ನು ಬಿಡಿಸಿ ಹಾಸಿದರು. ಅವಳು ನೋಡಿದಳು. ಮರುಗಳಿಗೆ ಬೀದಿಗೆ ಓಡಿ, ಸಾಹೇಬರು ಏನು ತಂದಿದ್ದಾರೆ ಬಂದು ನೋಡಿ ಎಂದು ಗಂಡನನ್ನೂ ಊರವರನ್ನೂ ಗಟ್ಟಿಯಾಗಿ ಕೂಗಿ ಕರೆದಳು.